ಕಲ್ಲು ಓದುವ ನೌಕರಿ

ಮೊದಲು ಕಲ್ಲಿಗೆ ಸ್ನಾನ. ಹಾವಸೆ, ಮಣ್ಣು, ವರ್ಷಗಟ್ಟಲೆ ಸುರಿದ ಎಣ್ಣೆಯ ಜಿಡ್ಡು, ಹಬ್ಬಕ್ಕೊಮ್ಮೆ ಬಳಿದ ಸುಣ್ಣ ಎಲ್ಲವನ್ನೂ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ಅವಸರಪಟ್ಟು ಉಳಿಯನ್ನೋ ಚಾಕುವನ್ನೋ ಹಚ್ಚಿದರೆ ಅಕ್ಷರವೂ ಕೊಳೆಯ ಜೊತೆಯಲ್ಲೇ ಹೋಗುತ್ತದೆ. ಕಲ್ಲು ಒದ್ದೆಯಿರುವಾಗಲೇ ನೆನೆಸಿದ ಕಾಗದವನ್ನು ಸುಕ್ಕಿಲ್ಲದಂತೆ ಅದರ ಮೈಗೆ ಹಾಸುತ್ತಾರೆ. ಆಮೇಲೆ ಹಿಡಿಯುಳ್ಳ ಬ್ರಷ್ಷಿನಿಂದ ಪಟಪಟ ಬಡಿಯುವ ಕೆಲಸ. ಬಡಿದ ಹಾಗೆಲ್ಲ ಕಾಗದ ಅಕ್ಷರದ ಕುಳಿಗಳೊಳಗೆ ಇಳಿದು ಕೂರುತ್ತದೆ. ಕಾಗದ ಅರ್ಧ ಒಣಗುವ ತನಕ ಕಾಯಬೇಕು. ಪೂರ್ತಿ ಒಣಗಿದರೆ ಬಿಟ್ಟುಕೊಳ್ಳುತ್ತದೆ, ಹಸಿಯಿದ್ದರೆ ಮಸಿ ಹರಡುತ್ತದೆ. ಆ ಹದ ಕೈಗೇ ಗೊತ್ತಾಗಬೇಕು. ಹದ ಬಂದಾಗ, ದೀಪದ ಕಪ್ಪಿಗೆ ಅಂಟು ಕಲಸಿದ ಮಸಿಯಲ್ಲಿ ಬಟ್ಟೆಯ ಗಂಟನ್ನು ಅದ್ದಿ ಮೆಲ್ಲಗೆ ಒತ್ತುತ್ತಾ ಹೋಗುತ್ತಾರೆ. ಉಬ್ಬಿದ ಜಾಗವೆಲ್ಲ ಕಪ್ಪಾಗುತ್ತದೆ, ಕುಳಿಯಲ್ಲಿ ಕೂತ ಕಾಗದ ಬಿಳಿಯಾಗಿಯೇ ಉಳಿಯುತ್ತದೆ. ಬೆಳಿಗ್ಗೆಯಿಂದ ಬರೀ ಗೀರುಗಳಂತೆ ಕಾಣುತ್ತಿದ್ದ ಕಲ್ಲಿನಿಂದ ಕಪ್ಪು ಹಾಳೆಯ ಮೇಲೆ ಬಿಳಿ ಅಕ್ಷರಗಳ ಸಾಲು ಎದ್ದು ಬರುತ್ತದೆ.

ಇದಕ್ಕೆ ಪಡಿಯಚ್ಚು ಎನ್ನುತ್ತಾರೆ. ಮಂಡ್ಯ ಜಿಲ್ಲೆಯ ಒಂದು ಊರಿನ ಹೊರಗೆ, ಹುಣಸೆಮರದ ಬುಡದ ವೀರಗಲ್ಲಿನ ಪಡಿಯಚ್ಚನ್ನು ಸರ್ಕಾರಿ ಅಧಿಕಾರಿಯೊಬ್ಬರು ತೆಗೆಯುವುದನ್ನು ನಾನು ನಿಂತು ನೋಡಿದ್ದೇನೆ. ಕೆಲಸ ಶುರುವಾಗಿ ಅರ್ಧ ಗಂಟೆಯೊಳಗೆ ಊರಿನ ಹತ್ತಾರು ಮಂದಿ ಸೇರಿದ್ದರು. ಟವೆಲು ಹೆಗಲಿಗೆ ಹಾಕಿದ್ದ ಹಿರಿಯರೊಬ್ಬರು ಬಗ್ಗಿ ನೋಡಿ ಕೇಳಿದರು: “ಸಾ, ನಿಧಿ ಗಿಧಿ ಏನಾರ ಐತೆ ಅಂತ ಬರ್ದೈತಾ?”

“ನಿಧಿ ಇಲ್ಲ ಯಜಮಾನ್ರೇ. ನಿಮ್ಮೂರಿನ ದನ ಹೊಡ್ಕೊಂಡು ಹೋದೋರ ಬೆನ್ನಟ್ಟಿ ಹೋಗಿ, ದನ ಬಿಡಿಸಿ, ಅಲ್ಲೇ ಸತ್ತೋನ ಕಲ್ಲು ಇದು.”

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಯಾರ ಮನೆಯೋನು ಸಾ?”

ಹೆಸರಿನ ಮೊದಲೆರಡು ಅಕ್ಷರ ಸವೆದುಹೋಗಿದ್ದವು. ಅಧಿಕಾರಿ ಕಾಗದವನ್ನು ಬೆಳಕಿಗೆ ಓರೆಯಾಗಿ ಹಿಡಿದು ಮತ್ತೆ ಮತ್ತೆ ನೋಡಿದರು. ಊಹಿಸಿ ಒಂದು ಹೆಸರು ಹೇಳಿಬಿಡಬಹುದಿತ್ತು, ಹೇಳಲಿಲ್ಲ. ತಮ್ಮ ಪುಸ್ತಕದಲ್ಲಿ ಆ ಜಾಗಕ್ಕೆ ಎರಡು ಚುಕ್ಕೆ ಇಟ್ಟರು. ಸರ್ಕಾರಿ ಇತಿಹಾಸಕಾರನ ಕೆಲಸ ಎಂಥದು ಎಂದು ನನಗೆ ಅರ್ಥವಾದದ್ದು ಆ ಎರಡು ಚುಕ್ಕೆಗಳಿಂದ.

ಸಂಬಳ ಪಡೆದು ಇತಿಹಾಸ ಓದುವ ಇಂಥವರು ನಮ್ಮಲ್ಲಿ ಬಹಳ ಕಾಲದಿಂದ ಇದ್ದಾರೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಶಾಸನ ವಿಭಾಗದ ಕೇಂದ್ರ ಕಚೇರಿ ಇರುವುದು ಮೈಸೂರಿನಲ್ಲಿ. ಬಹುಕಾಲ ಉದಕಮಂಡಲದಲ್ಲಿದ್ದ ಆ ಕಚೇರಿ 1966ರಲ್ಲಿ ಮೈಸೂರಿಗೆ ಬಂತು. ಅರಬ್ಬಿ, ಪರ್ಷಿಯನ್ ಶಾಸನಗಳ ವಿಭಾಗ ನಾಗಪುರದಲ್ಲಿದೆ. ಸಂಸ್ಕೃತ, ಕನ್ನಡ, ತೆಲುಗು, ಪ್ರಾಕೃತ ಶಾಸನಗಳ ಪಡಿಯಚ್ಚುಗಳು ಮಡಿಸಿಟ್ಟ ಕಾಗದಗಳಾಗಿ ಮೈಸೂರಿಗೆ ಬಂದು ಸೇರಿವೆ. ಇದಲ್ಲದೆ ರಾಜ್ಯ ಸರ್ಕಾರದ ಪುರಾತತ್ವ ಇಲಾಖೆ, ಗೆಜೆಟಿಯರ್ ಇಲಾಖೆ, ರಾಜ್ಯ ಪತ್ರಾಗಾರ ಇಲಾಖೆಗಳಲ್ಲೂ ಇತಿಹಾಸವೇ ದಿನದ ಕೆಲಸವಾದವರು ಇದ್ದಾರೆ. ಆದರೆ ಊರೂರು ಅಲೆದು, ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಓದುವ ಶಾಸನತಜ್ಞರದು ಬೇರೆಯೇ ದಾರಿ. ಈ ಲೇಖನ ಅವರ ಬಗ್ಗೆ.

ಸರ್ಕಾರಕ್ಕೆ ಹಳೆಯ ಕಲ್ಲುಗಳ ಉಸಾಬರಿ ಯಾಕೆ ಬೇಕಾಯಿತು? ಮೊದಲ ಕಾರಣ ನೆಲ. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯ ಮೋಜಣಿಗೆ ಬಂದ ಕಾಲಿನ್ ಮೆಕೆಂಜಿ ನೆಲ ಅಳೆಯುತ್ತಲೇ ಶಾಸನ, ಕೈಫಿಯತ್ತು, ಓಲೆಗರಿಗಳನ್ನು ಕೂಡಿಹಾಕಿದ. ಅವನಿಗೆ ಕಣ್ಣು ಕಿವಿಯಾಗಿ ನಿಂತವರು ಕಾವಲಿ ಬೊರಯ್ಯನಂಥ ದೇಸಿ ಪಂಡಿತರು. ಯಾವ ಊರು ಯಾರಿಗೆ ದತ್ತಿಯಾಗಿ ಬಂದದ್ದು, ಎಲ್ಲೆ ಎಲ್ಲಿಂದ ಎಲ್ಲಿಗೆ ಎಂಬುದಕ್ಕೆ ಕಲ್ಲೇ ಕಾಗದಪತ್ರ. ದಾನಶಾಸನಗಳಲ್ಲಿ ಈಶಾನ್ಯಕ್ಕೆ ಹುತ್ತ, ಆಗ್ನೇಯಕ್ಕೆ ಕೆರೆಯ ಕೋಡಿ ಎಂದು ಎಲ್ಲೆ ಹೇಳುತ್ತಾ ಹೋಗುವ ಭಾಗ ಓದಿದರೆ ಇಂದಿನ ಸರ್ವೆಯವರ ಟಿಪ್ಪಣಿ ಓದಿದ ಹಾಗೇ ಇರುತ್ತದೆ.

1865ರಲ್ಲಿ ಮೇಜರ್ ಡಿಕ್ಸನ್ ಮೈಸೂರು ಸೀಮೆಯ 150 ಶಾಸನಗಳ ಛಾಯಾಚಿತ್ರ ತೆಗೆದ. ಅವನ್ನು ಓದಿ ಅನುವಾದಿಸುವ ಕೆಲಸ ಶಿಕ್ಷಣ ಇಲಾಖೆಯಲ್ಲಿದ್ದ ಬೆಂಜಮಿನ್ ಲೂಯಿಸ್ ರೈಸ್ ಅವರ ಪಾಲಿಗೆ ಬಂತು. ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲಿ, 1837ರಲ್ಲಿ. ಬ್ರಾಹ್ಮಿ ಲಿಪಿಯ ಗುಟ್ಟನ್ನು ಜೇಮ್ಸ್ ಪ್ರಿನ್ಸೆಪ್ ಬಿಡಿಸಿದ್ದೂ ಅದೇ ವರ್ಷ. ಕನ್ನಡ ಕೇಳುತ್ತಲೇ ಬೆಳೆದ ರೈಸ್, ಶಾಲೆಗಳ ತಪಾಸಣೆಗೆ ಹಳ್ಳಿಗಳಿಗೆ ಹೋದಾಗ ಊರ ಮುಂದಿನ ಕಲ್ಲುಗಳನ್ನು ಕಂಡವರು. 1879ರಲ್ಲಿ ಅವರ ಮೊದಲ ಶಾಸನ ಸಂಗ್ರಹ ಹೊರಬಂತು. 1885ರಲ್ಲಿ ಮೈಸೂರು ಸಂಸ್ಥಾನ ಪುರಾತತ್ವ ಇಲಾಖೆಯನ್ನು ತೆರೆದಾಗ ಅದರ ಮೊದಲ ನಿರ್ದೇಶಕರು ಅವರೇ.

ಮುಂದಿನ ಇಪ್ಪತ್ತು ವರ್ಷಗಳಲ್ಲಿ ಆದ ಕೆಲಸ ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. 1886ರಲ್ಲಿ ಕೊಡಗಿನ ಸಂಪುಟದಿಂದ ಶುರುವಾಗಿ 1905ರ ಹೊತ್ತಿಗೆ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಸಂಪುಟಗಳು ಅಚ್ಚಾದವು. ಸುಮಾರು 9,000 ಶಾಸನಗಳು. ಕನ್ನಡ ಅಕ್ಷರದಲ್ಲಿ ಪಾಠ, ರೋಮನ್ ಲಿಪಿಯಲ್ಲಿ ಪಾಠ, ಇಂಗ್ಲಿಷಿನಲ್ಲಿ ಅನುವಾದ. ಕಾರು ಜೀಪುಗಳಿಲ್ಲದ ಕಾಲ. ಕುದುರೆ, ಎತ್ತಿನಗಾಡಿ, ಕಾಲ್ನಡಿಗೆ; ಜೊತೆಗೆ ಇಲಾಖೆಯ ಪಂಡಿತರು. ಸಂಪುಟದ ರಟ್ಟಿನ ಮೇಲೆ ರೈಸ್ ಅವರ ಹೆಸರಿದೆ. ಬಿಸಿಲಲ್ಲಿ ಕೂತು ಅಕ್ಷರ ಅಕ್ಷರ ಕೂಡಿಸಿ ಓದಿದ ಪಂಡಿತರ ಹೆಸರು ಓದುಗರಿಗೆ ಗೊತ್ತಿರುವುದು ಕಡಿಮೆ. ಈ ನೌಕರಿಯಲ್ಲಿ ಅದು ಮೊದಲಿನಿಂದ ಬಂದದ್ದು.

ಇದನ್ನು ಹೇಳುವಾಗ ಚಪಡನ ನೆನಪಾಗದೆ ಇರದು. 1892ರಲ್ಲಿ ರೈಸ್ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಪತ್ತೆ ಮಾಡಿದರು. ಮೌರ್ಯರ ಆಳ್ವಿಕೆ ಕನ್ನಡ ನೆಲದ ತನಕ ಬಂದಿತ್ತೆಂಬುದು ಗಟ್ಟಿಯಾಯಿತು. ಆ ಶಾಸನಗಳ ಕೊನೆಗೆ ಬರೆದವನು ತನ್ನ ಹೆಸರು ಹಾಕಿದ್ದಾನೆ: ಚಪಡ. ಅವನು ಲಿಪಿಕಾರ, ಅಂದರೆ ಸರ್ಕಾರಿ ಬರವಣಿಗೆಯವನು. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೆ ‘ಲಿಪಿಕಾರ’ ಎಂಬ ಆ ಮಾತನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬಲದಿಂದ ಎಡಕ್ಕೆ ಬರೆದಿದ್ದಾನೆ. ಎಲ್ಲಿಯ ಗಾಂಧಾರ, ಎಲ್ಲಿಯ ಮೊಳಕಾಲ್ಮುರು! ಎರಡು ಸಾವಿರದ ಇನ್ನೂರು ವರ್ಷಗಳಾಚೆಯ ಒಬ್ಬ ಸರ್ಕಾರಿ ನೌಕರನ ಅಕ್ಷರವನ್ನು ಇನ್ನೊಬ್ಬ ಸರ್ಕಾರಿ ನೌಕರ ಓದಿದ್ದು ನನಗೆ ಯಾವ ಯುದ್ಧದ ಕಥೆಗಿಂತ ದೊಡ್ಡದಾಗಿ ಕಾಣುತ್ತದೆ.

ಬ್ರಿಟಿಷ್ ಪ್ರಾಂತ್ಯಗಳಲ್ಲಿಯೂ ಆಗ ಇದೇ ಕೆಲಸ ನಡೆದಿತ್ತು. ಧಾರವಾಡ, ಬೆಳಗಾವಿ ಕಡೆ ಕಂದಾಯ ಇಲಾಖೆಯಲ್ಲಿದ್ದ ಜೆ.ಎಫ್. ಫ್ಲೀಟ್ 1883ರಲ್ಲಿ ಭಾರತ ಸರ್ಕಾರದ ಮೊದಲ ಶಾಸನತಜ್ಞನಾದ. ಮದರಾಸಿನಲ್ಲಿ 1886ರಲ್ಲಿ ಜರ್ಮನಿಯ ವಿದ್ವಾಂಸ ಹುಲ್ಟ್ಜ್ ಆ ಹುದ್ದೆಗೆ ಬಂದ. 1915ರಲ್ಲಿ ಹೈದರಾಬಾದ್ ಸಂಸ್ಥಾನದ ಮಸ್ಕಿಯಲ್ಲಿ ಚಿನ್ನದ ಗಣಿ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಬಂಡೆಯನ್ನು ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿಗಳು ಓದಿ ಪ್ರಕಟಿಸಿದರು. ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಇದ್ದ ಶಾಸನ ಅದು. ಬಿರುದಷ್ಟೇ ಗೊತ್ತಿದ್ದ ಅರಸ ಯಾರೆಂಬುದಕ್ಕೆ ರಾಯಚೂರು ಸೀಮೆಯ ಕಲ್ಲು ಸಾಕ್ಷಿ ನುಡಿಯಿತು.

ಓದುವುದು ಎಂದರೆ ಬರೀ ಅಕ್ಷರ ಗುರುತಿಸುವುದಲ್ಲ. ಹಳೆಯ ಶಾಸನಗಳಲ್ಲಿ ಪದಗಳ ನಡುವೆ ಜಾಗ ಬಿಡುವ ವಾಡಿಕೆಯಿಲ್ಲ. ಎಲ್ಲಿ ಮುರಿಯಬೇಕೆಂದು ಹೇಳುವುದು ಓದುವವನ ಹಳಗನ್ನಡ. ಈಗ ಮರೆತೇಹೋದ ಱ, ೞ ಎಂಬ ಅಕ್ಷರಗಳನ್ನು ಕಲ್ಲು ಕೆತ್ತಿದವನು ಸರಿಯಾಗಿ ಬಳಸಿದ್ದಾನೋ, ಗೊಂದಲ ಮಾಡಿಕೊಂಡಿದ್ದಾನೋ ಎಂಬುದರಿಂದಲೂ ಕಾಲ ತಿಳಿಯುತ್ತದೆ. ‘ಪ’ಕಾರ ‘ಹ’ಕಾರವಾಗಿದೆಯೋ ಇಲ್ಲವೋ ಎಂಬುದರಿಂದಲೂ ತಿಳಿಯುತ್ತದೆ. ಅಕ್ಷರ ಗೊತ್ತಿದ್ದು ಭಾಷೆ ಬಾರದಿದ್ದರೆ, ಭಾಷೆ ಬಂದೂ ಪಂಚಾಂಗ ಬಾರದಿದ್ದರೆ ಈ ಕೆಲಸ ನಡೆಯದು.

ಪಂಚಾಂಗ ಏಕೆ ಬೇಕು ಎಂಬುದಕ್ಕೆ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲನ್ನೇ ತೆಗೆದುಕೊಳ್ಳೋಣ. ಈಗ ಅದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಶಕವರ್ಷ 872, ಸೌಮ್ಯ ಸಂವತ್ಸರ ಎಂದಿದೆ. ಶಕಕ್ಕೆ 78 ಕೂಡಿಸಿದರೆ ಕ್ರಿ.ಶ. 950 ಬರುತ್ತದೆ. ಲೆಕ್ಕ ಹಾಕಿ ನೋಡಿದರೆ ಸೌಮ್ಯ ಸಂವತ್ಸರ ಬಿದ್ದದ್ದು ಅದಕ್ಕೆ ಒಂದು ವರ್ಷ ಮೊದಲು, 949-50ರಲ್ಲಿ. ಹಾಗಾದರೆ ಕಲ್ಲು ತಪ್ಪೇ? ಅಲ್ಲ. ಮಗುವಿಗೆ ಹತ್ತು ತುಂಬಿತು ಎನ್ನುವುದಕ್ಕೂ ಹತ್ತು ನಡೆಯುತ್ತಿದೆ ಎನ್ನುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯೂ ಇರುವುದು. ಈ ಶಾಸನದವನು ನಡೆಯುತ್ತಿರುವ ವರ್ಷವನ್ನು ಎಣಿಸಿದ್ದಾನೆ. ತಿಥಿ, ವಾರ, ಗ್ರಹಣಗಳನ್ನೂ ಹೇಳುವ ಶಾಸನವಾದರೆ ತಾಳೆ ನೋಡಲು ಎಲ್.ಡಿ. ಸ್ವಾಮಿಕಣ್ಣು ಪಿಳ್ಳೈ ಅವರು 1922ರಲ್ಲಿ ಪ್ರಕಟಿಸಿದ ಪಂಚಾಂಗದ ಕೋಷ್ಟಕಗಳು ಬಹುಕಾಲ ಎಲ್ಲರ ಕೈಪಿಡಿಯಾಗಿದ್ದವು. ತಿಥಿಗೂ ವಾರಕ್ಕೂ ತಾಳೆಯಾಗದ ಶಾಸನದ ಮೇಲೆ ಕೂಡಲೇ ಅನುಮಾನ ಬರುತ್ತದೆ. ಭೂಮಿ ಹೊಡೆಯಲು ಆಮೇಲೆ ಹುಟ್ಟಿಸಿದ ಕೂಟ ತಾಮ್ರಪಟವೇ ಇದು ಎಂಬ ಪ್ರಶ್ನೆ ಏಳುತ್ತದೆ.

ಆತಕೂರಿನ ಕಲ್ಲಿನ ವಿಷಯ ತೇದಿಗೆ ಮುಗಿಯುವುದಿಲ್ಲ. ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರ ಮೇಲೆ ಯುದ್ಧ ಮಾಡಿದಾಗ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಅದಕ್ಕೆ ಮೆಚ್ಚಿ ಕೃಷ್ಣ ಅವನಿಗೆ ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು ಮುಂತಾದ ನಾಡುಗಳನ್ನು ಕೊಟ್ಟ ಎಂದು ಅದು ಹೇಳುತ್ತದೆ. ದಕ್ಷಿಣ ಭಾರತದ ಚರಿತ್ರೆಯಲ್ಲಿ ದೊಡ್ಡ ಸುದ್ದಿ. ಅದೇ ಕಲ್ಲು ಇನ್ನೊಂದು ಸುದ್ದಿಯನ್ನೂ ಹೇಳುತ್ತದೆ. ಯುದ್ಧದಲ್ಲಿ ಮೆರೆದ ಮಣಲೆರ ಎಂಬವನಿಗೆ ಬೂತುಗ ಏನು ಬೇಕು ಎಂದು ಕೇಳಿದಾಗ ಅವನು ಊರನ್ನೂ ಹೊನ್ನನ್ನೂ ಕೇಳದೆ, ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಬೆಳತೂರಿನ ಬೆಟ್ಟದ ಬಳಿ ಕಾಳಿ ದೊಡ್ಡದೊಂದು ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಯ ನೆನಪಿಗೆ ಆತಕೂರಿನ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಭೂಮಿ ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಣ್ಣಬಾರದು ಎಂದು ಕಟ್ಟುಮಾಡಿದರು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಇಂದಿಗೂ ಕಾದಾಡುತ್ತಿವೆ.

ಅರಸರ ಚರಿತ್ರೆ ಬರೆಯ ಹೊರಟವನು ತಕ್ಕೋಲವನ್ನು ಎತ್ತಿಕೊಂಡು ಕಾಳಿಯನ್ನು ಬಿಡಬಹುದು. ಇಲಾಖೆಯ ಶಾಸನತಜ್ಞ ಹಾಗೆ ಬಿಡುವಂತಿಲ್ಲ. ಇದೇ ಈ ನೌಕರಿಯ ಹಿರಿಮೆ ಎಂದು ನಾನು ನಂಬಿದ್ದೇನೆ. ಅವನ ದಾಖಲೆಯಲ್ಲಿ ಸಾಮ್ರಾಟನ ವಿಜಯಕ್ಕೂ ಗಾಣಿಗನೊಬ್ಬ ದೀಪಕ್ಕೆ ಬಿಟ್ಟ ಎಣ್ಣೆಗೂ ಒಂದೊಂದೇ ಕ್ರಮಸಂಖ್ಯೆ. ಶಾಸನ ವಿಭಾಗದ ವಾರ್ಷಿಕ ವರದಿ ತೆರೆದು ನೋಡಿ: ತಾಮ್ರಪಟಗಳದು ಒಂದು ಅನುಬಂಧ, ಕಲ್ಲಿನ ಶಾಸನಗಳದು ಇನ್ನೊಂದು. ಊರು, ಅರಸು, ತೇದಿ, ಭಾಷೆ, ಸಾರಾಂಶ ಎಂದು ಪಟ್ಟಿ ಸಾಗುತ್ತದೆ. ಕೆರೆ ಕಟ್ಟಿಸಿದ ಗೌಡ, ತುರುಗೋಳಿನಲ್ಲಿ ಸತ್ತ ಆಳು, ವ್ರತ ಹಿಡಿದು ಮಡಿದ ಜೈನ ಹೆಂಗಸು, ವಿಗ್ರಹ ಕಡೆದ ರೂವಾರಿ ಎಲ್ಲರೂ ಅಲ್ಲಿದ್ದಾರೆ. ಕಾವ್ಯದಲ್ಲಿ ಜಾಗ ಸಿಗದ ನಮ್ಮ ಹಿಂದಿನವರಿಗೆ ಈ ಪಟ್ಟಿಯಲ್ಲಿ ಜಾಗ ಸಿಕ್ಕಿದೆ.

ಸರ್ಕಾರದ ಸಂಬಳ ತಿನ್ನುವವನು ಸರ್ಕಾರಕ್ಕೆ ಹಿತವಾದದ್ದನ್ನೇ ಬರೆಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಶಾಸನದವರು ಮೊದಲಿನಿಂದಲೂ ಒಂದು ಕಟ್ಟು ಹಾಕಿಕೊಂಡಿದ್ದಾರೆ: ಅಭಿಪ್ರಾಯಕ್ಕೆ ಮೊದಲು ಪಾಠ ಅಚ್ಚಾಗಬೇಕು, ಸಾಧ್ಯವಿದ್ದಲ್ಲಿ ಪಡಿಯಚ್ಚಿನ ಚಿತ್ರವೂ ಜೊತೆಗಿರಬೇಕು. ಓದು ತಪ್ಪಿದ್ದರೆ ಯಾರು ಬೇಕಾದರೂ ತಿದ್ದಬಹುದು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಶಾಸನದಿಂದ ಭದ್ರಬಾಹು ಮತ್ತು ಚಂದ್ರಗುಪ್ತ ಮೌರ್ಯ ಇಲ್ಲಿಗೆ ಬಂದದ್ದು ನಿಜವೆಂದು ರೈಸ್ ಬರೆದಾಗ, ಫ್ಲೀಟ್ ಅದನ್ನು ಒಪ್ಪದೆ ಅಚ್ಚಿನಲ್ಲೇ ಖಂಡಿಸಿದ. ಗಂಗರ ಹಲವು ತಾಮ್ರಪಟಗಳು ಕೂಟವೆಂದು ಫ್ಲೀಟ್ ಹೇಳಿದಾಗ ರೈಸ್ ಅವುಗಳ ಪರ ನಿಂತರು. ಇಬ್ಬರೂ ಸರ್ಕಾರಿ ನೌಕರರು, ಇಬ್ಬರೂ ವಾದಿಸಿದ್ದು ಎಲ್ಲರ ಕಣ್ಣೆದುರಿಗೆ. ಆ ಚರ್ಚೆ ಇಂದಿಗೂ ನಡೆದಿರುವುದು ಪಾಠ ಎಲ್ಲರ ಕೈಗೆ ಸಿಗುವಂತೆ ಇರುವುದರಿಂದ.

ರೈಸ್ 1906ರಲ್ಲಿ ನಿವೃತ್ತರಾದ ಮೇಲೆ ಆ ಜಾಗಕ್ಕೆ ಬಂದವರು ಆರ್. ನರಸಿಂಹಾಚಾರ್ಯರು. ಹಗಲು ಶಾಸನ, ದೇವಾಲಯಗಳ ಕೆಲಸ. ಅದರ ಜೊತೆಗೇ ‘ಕರ್ನಾಟಕ ಕವಿಚರಿತೆ’ಯ ಮೂರು ಸಂಪುಟ. ಕನ್ನಡ ಕವಿಗಳ ಕಾಲವನ್ನು ಶಾಸನದ ಆಧಾರದ ಮೇಲೆ ನಿಲ್ಲಿಸಿದ ಆ ಗ್ರಂಥವಿಲ್ಲದೆ ನಮ್ಮ ಸಾಹಿತ್ಯ ಚರಿತ್ರೆಯ ಪಾಠವೇ ಶುರುವಾಗುವುದಿಲ್ಲ. ಅವರ ನಂತರ ಬಂದ ಆರ್. ಶಾಮಶಾಸ್ತ್ರಿಗಳು, ಮೈಸೂರಿನ ಸರ್ಕಾರಿ ಪ್ರಾಚ್ಯ ಪುಸ್ತಕ ಭಂಡಾರದಲ್ಲಿದ್ದಾಗ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಯನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು.

ಆಮೇಲೆ ಎಂ.ಎಚ್. ಕೃಷ್ಣ. ಹಾಸನ ಜಿಲ್ಲೆಯ ಶಾಸನ ಸಂಪುಟ 1902ರಲ್ಲೇ ಅಚ್ಚಾಗಿ ಮುಗಿದಿತ್ತು. ಮೂವತ್ತನಾಲ್ಕು ವರ್ಷ ಕಳೆದು 1936ರಲ್ಲಿ, ಅದೇ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 16 ಸಾಲಿನ ಒಂದು ಕಲ್ಲು ಅವರಿಗೆ ಸಿಕ್ಕಿತು. ಕಾಲ ಸುಮಾರು ಕ್ರಿ.ಶ. 450. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಎರಡು ಊರುಗಳನ್ನು ‘ಬಾಳ್ಗೞ್ಚು’ (ಕತ್ತಿ ತೊಳೆದು ಕೊಡುವ ದತ್ತಿ) ಆಗಿ ಕೊಟ್ಟ ದಾಖಲೆ ಅದು. ಅವುಗಳಲ್ಲೊಂದು ಪಲ್ಮಡಿ. ಇಂದಿನ ಹಲ್ಮಿಡಿ! ಪಕಾರ ಹಕಾರವಾಗಿದೆ, ಊರು ಅಲ್ಲೇ ಇದೆ, ಹೆಸರೂ ಅದೇ. ಹದಿನೈದು ಶತಮಾನ ಆ ಊರಿನವರು ತಮ್ಮ ಊರನ್ನು ಅದೇ ಹೆಸರಿನಿಂದ ಕರೆಯುತ್ತಾ ಬಂದಿದ್ದರು. ಮುಂದೆ 2013ರಲ್ಲಿ ತಾಳಗುಂದದ ಉತ್ಖನನದಲ್ಲಿ ಸಿಂಹಕಟಾಂಜನದ ಮೇಲಿನ ಶಾಸನ ಸಿಕ್ಕಿ, ಕನ್ನಡ ಬರಹದ ಮೊದಲು ಇನ್ನೂ ಹಿಂದಕ್ಕೆ ಹೋಗುತ್ತದೆ ಎಂಬ ವಾದ ಎದ್ದಿತು. ಒಂದು ಜಿಲ್ಲೆಯ ಸಂಪುಟ ಮುಗಿಯಿತು ಎಂದು ಯಾರೂ ಹೇಳುವಂತಿಲ್ಲ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ರೈಸ್ ಸಂಪುಟಗಳನ್ನು ಪರಿಷ್ಕರಿಸಿ ಹೊಸದಾಗಿ ಹೊರತರಲು ಹೊರಟದ್ದೂ ಇದಕ್ಕಾಗಿಯೇ.

ಸಿಗುವುದರ ಕಥೆ ಇದಾದರೆ, ಕಳೆದುಹೋಗುವುದರ ಕಥೆ ಹೇಳಲು ಸಂಕಟವಾಗುತ್ತದೆ. ನಾನೊಮ್ಮೆ ರೈಸ್ ಸಂಪುಟದಿಂದ ಐದು ಶಾಸನಗಳನ್ನು ಬರೆದುಕೊಂಡು ಒಂದು ಹೋಬಳಿ ಸುತ್ತಿದೆ. ಎರಡು ಸಿಕ್ಕವು. ಮೂರನೆಯದು ಮೋರಿಯ ಮೇಲೆ ಅಡ್ಡ ಹಾಸಿದ ಚಪ್ಪಡಿಯಾಗಿತ್ತು, ಅಕ್ಷರ ಮೇಲುಮುಖವಾಗಿ, ಗಾಡಿಗಳು ಹತ್ತಿ ಹತ್ತಿ ಸವೆದು. ನಾಲ್ಕನೆಯದನ್ನು ದೇವಸ್ಥಾನದ ಜೀರ್ಣೋದ್ಧಾರದಲ್ಲಿ ಒಡೆದು ತಳಪಾಯಕ್ಕೆ ತುಂಬಿದ್ದರು. ಐದನೆಯದನ್ನು ನೋಡಿದ ನೆನಪು ಊರಿನಲ್ಲಿ ಯಾರಿಗೂ ಇರಲಿಲ್ಲ. ನಿಧಿಯ ಆಸೆಗೆ ಅಗೆದು ಉರುಳಿಸಿದ ಕಲ್ಲುಗಳ ಲೆಕ್ಕ ಬೇರೆ. ಆ ಮೂರೂ ಶಾಸನಗಳ ಪಾಠ ಮಾತ್ರ ಸಂಪುಟದಲ್ಲಿ ಸುರಕ್ಷಿತವಾಗಿದೆ. ನೂರು ವರ್ಷ ಹಿಂದೆ ಹೆಸರಿಲ್ಲದ ಒಬ್ಬ ಪಂಡಿತರು ಅಲ್ಲಿಗೆ ಹೋಗಿ ಕೂತು ಓದಿದ್ದರಿಂದ.

ಕಲ್ಲು ಓದಬಲ್ಲವರ ಸಂಖ್ಯೆ ಹೆಚ್ಚಬೇಕು. ಕನ್ನಡ ಸಾಹಿತ್ಯ ಪರಿಷತ್ತು ಶಾಸನಶಾಸ್ತ್ರದ ಡಿಪ್ಲೊಮಾ ನಡೆಸುತ್ತದೆ. ನೌಕರಿ ಮಾಡುವವರೂ ಮನೆಯಲ್ಲಿರುವವರೂ ಸೇರಬಹುದಾದ ಕಲಿಕೆ ಅದು. ಬೆಂಗಳೂರಿನಲ್ಲಿ 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿ ಈಗ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿದೆ. ಬರಿಗಣ್ಣಿಗೆ ಕಾಣದ ಗೀರು ಅಲ್ಲಿ ಅಕ್ಷರವಾಗುತ್ತದೆ. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಕೆಲಸಕ್ಕೆ ಅಗೆದಾಗ ಎದ್ದುಬಂದ ಕಿತ್ತಯ್ಯನ ವೀರಗಲ್ಲು ಗಂಗ ಶ್ರೀಪುರುಷನ ಕಾಲದ್ದು, ಕ್ರಿ.ಶ. 750ರ ಸುಮಾರಿನದು. ಕೆಲಸದ ಜಾಗದಲ್ಲಿ ಅದು ಅಕ್ಷರದ ಕಲ್ಲು ಎಂದು ಗುರುತಿಸುವ ಕಣ್ಣು ಇತ್ತು, ಅದಕ್ಕೇ ಉಳಿಯಿತು.

ಓದುಗರಲ್ಲಿ ಒಂದು ಕೋರಿಕೆ. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹಳೆಯ ಸಂಪುಟಗಳು ಈಗ ಅಂತರ್ಜಾಲದಲ್ಲಿ ಖರ್ಚಿಲ್ಲದೆ ಸಿಗುತ್ತವೆ. ನಿಮ್ಮ ಜಿಲ್ಲೆಯ ಸಂಪುಟ ತೆರೆದು, ನಿಮ್ಮ ತಾಲ್ಲೂಕಿನ ಭಾಗದಲ್ಲಿ ನಿಮ್ಮ ಊರಿನ ಹೆಸರು ಇದೆಯೇ ಹುಡುಕಿ. ಇದ್ದರೆ, ಮುಂದಿನ ಸಲ ಊರಿಗೆ ಹೋದಾಗ ಆ ಕಲ್ಲು ಅಲ್ಲೇ ಇದೆಯೇ ನೋಡಿ ಬನ್ನಿ. ಅದಕ್ಕೆ ಎಣ್ಣೆ, ಸುಣ್ಣ, ಬಣ್ಣ ಹಚ್ಚದಂತೆ ಊರಿನವರಿಗೆ ತಿಳಿಸಿ ಹೇಳಿ. ಸಂಪುಟದಲ್ಲಿ ಇಲ್ಲದ ಅಕ್ಷರದ ಕಲ್ಲು ಕಣ್ಣಿಗೆ ಬಿದ್ದರೆ ಕದಲಿಸಬೇಡಿ. ಇದ್ದ ಜಾಗದಲ್ಲೇ ಒಂದು ಚಿತ್ರ ತೆಗೆದು, ಊರಿನ ಹೆಸರು ಬರೆದು ಮೈಸೂರಿನ ಶಾಸನ ವಿಭಾಗದ ಕಚೇರಿಗೆ ಕಳಿಸಿ.